ಚಿತ್ರಾನ್ನ ಊಟ ಬಿಟ್ಟಿದ್ದು

ಊಟ ಬಿಡುವುದು ನಮ್ಮ ಮನೆತನದಲ್ಲಿ ಒಂದು ವಿದ್ಯೆ. ಅದರಲ್ಲಿ ಪಾರಂಗತರೆಂದರೆ ನಮ್ಮ ಅಜ್ಜಯ್ಯ. ಕೊನೆಗಾರನಿಗೆ ಎಷ್ಟು ಕೊಡಬೇಕೆಂಬುದಕ್ಕೋ, ಯಾರ ಮನೆಯ ಉಪನಯನಕ್ಕೆ ಯಾರು ಹೋಗಬೇಕೆಂಬುದಕ್ಕೋ ಅಜ್ಜಿಯ ಜೊತೆ ಮಾತಿಗೆ ಮಾತು ಬೆಳೆಯಿತೆಂದರೆ, "ನಂಗೆ ಹಸಿವಿಲ್ಲ" ಎಂದಷ್ಟೇ ಹೇಳಿ ಜಗಲಿಯಲ್ಲಿ ಗೋಡೆಗೆ ಮುಖಮಾಡಿ ಮಲಗಿಬಿಡುತ್ತಿದ್ದರು. ಮಕ್ಕಳಾದ ನಾವು ಒಬ್ಬೊಬ್ಬರಾಗಿ ರಾಯಭಾರಕ್ಕೆ ಹೋಗಿ ಬರಿಗೈಯಲ್ಲಿ ವಾಪಸಾಗುತ್ತಿದ್ದೆವು. ಅಜ್ಜಿ ಮಾತ್ರ ಜಗಲಿ ಕಡೆ ತಲೆಹಾಕಿದವಳಲ್ಲ. ಎಲ್ಲರ ಊಟ ಮುಗಿದು, ಎಂಜಲು ಗೋಮೆ ಆಗಿ, ಇನ್ನೇನು ಒಲೆಯ ಬೆಂಕಿ ಹಿಂದೆ ಎಳೆಯಬೇಕು ಎನ್ನುವ ಹೊತ್ತಿಗೆ ಎರಡು ಹಲಸಿನ ಹಪ್ಪಳ ಕೊಬ್ಬರಿ ಎಣ್ಣೆಗೆ ಬಿಡುತ್ತಿದ್ದಳು. ವಾಸನೆ ಜಗಲಿ ಮುಟ್ಟುವಷ್ಟು ಹೊತ್ತು ಸುಮ್ಮನಿದ್ದು, ಒಂದು ಎಲೆ ಹಾಕಿ, ಅನ್ನ ಸಾರು ಪಕ್ಕದಲ್ಲಿಟ್ಟು, ತಾನು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ವಾಪಸು ಬರುವಾಗ ಎಲೆ ಖಾಲಿ, ಅಜ್ಜಯ್ಯ ಜಗಲಿಯಲ್ಲಿ ಮೊದಲಿನ ಭಂಗಿಯಲ್ಲೇ. ಆ ವಿಷಯವನ್ನು ಆಮೇಲೆ ಯಾರೂ ಎತ್ತಕೂಡದು. ಸೈಕಲ್ಲಿಗಾಗಿ ಊಟ ಬಿಟ್ಟ ಚಿಕ್ಕಪ್ಪ ಮೂರೂ ಹೊತ್ತು ಪಕ್ಕದ ಮನೆಯಲ್ಲಿ ತಿಂದು ಬರುತ್ತಿದ್ದ. ಅದು ಶಾಸ್ತ್ರೀಯ ಅಲ್ಲ.

ಇಂಥ ಘರಾಣೆಯಲ್ಲಿ ಬೆಳೆದ ನನಗೆ, ಇಲಿನಾಯ್‌ನ ಮಗಳ ಮನೆಯಲ್ಲಿ ಒಂದು ಹಲ್ಲಿ ಊಟ ಬಿಟ್ಟಿದೆ ಎಂದಾಗ ಆಶ್ಚರ್ಯವೇನೂ ಆಗಲಿಲ್ಲ. ಹೊಟ್ಟೆಕಿಚ್ಚಾಯಿತು. ಷಿಕಾಗೋದ ಆ ಜನವರಿಯಲ್ಲಿ ನನಗೂ ಬಾಯಿ ಕೆಟ್ಟಿತ್ತು. ಹೊರಗೆ ಕಾಲಿಡುವ ಹಾಗಿಲ್ಲ, ಒಳಗೆ ಹಸಿವು ಹುಟ್ಟುವ ಹಾಗಿಲ್ಲ. ತಟ್ಟೆಯಲ್ಲಿ ಅರ್ಧ ಚಪಾತಿ ಬಿಟ್ಟು ಎದ್ದು, ಯಾರಾದರೂ "ಯಾಕಪ್ಪ?" ಎನ್ನುತ್ತಾರೇನೋ ಎಂದು ಕೈ ತೊಳೆಯುವುದನ್ನು ಸ್ವಲ್ಪ ಎಳೆಯುತ್ತಿದ್ದೆ. ಯಾರೂ ಅನ್ನುತ್ತಿರಲಿಲ್ಲ. ಎಲ್ಲರ ಕಣ್ಣು ಗಾಜಿನ ಪೆಟ್ಟಿಗೆಯ ಮೇಲೆ. "ಇವತ್ತೂ ಒಂದು ಹುಳ ಮುಟ್ಲಿಲ್ಲ" ಎಂದು ಮಗಳು ನಿಟ್ಟುಸಿರು ಬಿಟ್ಟರೆ, ಅಳಿಯಂದಿರು ಆಫೀಸಿನ ಮೀಟಿಂಗನ್ನೇ ಮ್ಯೂಟ್ ಮಾಡಿ ಬಂದು ಬಗ್ಗಿ ನೋಡುತ್ತಿದ್ದರು.

ಹಲ್ಲಿಯ ಹೆಸರು ಚಿತ್ರಾನ್ನ. ಅಂಗೈಯುದ್ದದ ಹಳದಿ ಮೈ, ಅದರ ಮೇಲೆಲ್ಲ ಸಾಸಿವೆ ಸಿಡಿಸಿದ ಹಾಗೆ ಕಪ್ಪು ಚುಕ್ಕಿ. ತಂದ ದಿನವೇ ಮಗಳು "ಥೇಟ್ ಚಿತ್ರಾನ್ನ" ಅಂದಳಂತೆ; ಮೊಮ್ಮಗಳು ಇಳಾ ಅದನ್ನೇ ಹೆಸರು ಮಾಡಿಟ್ಟುಕೊಂಡಳು. ಅಂಗಡಿಯವರ ಭಾಷೆಯಲ್ಲಿ ಇದು ಲೆಪರ್ಡ್ ಗೆಕ್ಕೊ. ಇದರ ಕುಲಗೋತ್ರವನ್ನೆಲ್ಲ ಇಳಾ ಶಾಲೆಯ ಪ್ರಾಜೆಕ್ಟಿಗಾಗಿ ಹುಡುಕಿ ನನಗೆ ಒಪ್ಪಿಸಿದ್ದಳು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬ ಇಂಗ್ಲಿಷಿನವನು 1854ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಅವನು ಬಣ್ಣಿಸಿದ ಹಲ್ಲಿ ಬಂದದ್ದು ಪಂಜಾಬದ ಉಪ್ಪಿನ ಗುಡ್ಡಗಳಿಂದ. ಆ ಗುಡ್ಡಗಳು ಈಗ ಪಾಕಿಸ್ತಾನದಲ್ಲಿವೆ. ಆಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ವಾಯವ್ಯ ಮೂಲೆಯ ಕಲ್ಲು-ಕುರುಚಲು ನಾಡು ಇದರ ತವರು. ಆದರೆ ಚಿತ್ರಾನ್ನ ಹುಟ್ಟಿದ್ದು ಅಮೆರಿಕದಲ್ಲೇ, ಯಾರದೋ ಸಾಕಣೆಯ ಮನೆಯಲ್ಲಿ. ಪೂರ್ವಿಕರು ನಮ್ಮ ಕಡೆಯವರು, ಹುಟ್ಟು ಮಾತ್ರ ಇಲ್ಲಿಯದು. ಇಳಾಳದೂ ಅದೇ ಕತೆ. ಇಬ್ಬರಿಗೂ ವೀಸಾದ ಗೋಳಿಲ್ಲ. ಆರು ತಿಂಗಳ ಮುದ್ರೆ ಒತ್ತಿಸಿಕೊಂಡು ಬಂದ ಅತಿಥಿಗಳು ಆ ಮನೆಯಲ್ಲಿ ನಾನು ಮತ್ತು ನನ್ನಾಕೆ ಇಬ್ಬರೇ.

ನಮ್ಮ ಗೋಡೆಯ ಹಲ್ಲಿಗೂ ಇದಕ್ಕೂ ನೆಂಟಸ್ತಿಕೆ ಇದ್ದರೂ ನಡಾವಳಿ ಬೇರೆ. ಇದು ಗೋಡೆ ಹತ್ತುವುದಿಲ್ಲ. ಪಾದದಲ್ಲಿ ಅಂಟುವ ಗೆರೆಗಳಿಲ್ಲ, ಉಗುರು ಮಾತ್ರ. ನೆಲದ ಮೇಲೆ ಹೊಟ್ಟೆ ಎತ್ತಿ, ಹೆಜ್ಜೆ ಎಣಿಸಿಕೊಂಡು ನಡೆಯುತ್ತದೆ. ಲೊಚಗುಟ್ಟುವುದೂ ಇಲ್ಲ. ಇದು ನನ್ನಾಕೆಗೆ ದೊಡ್ಡ ನಿರಾಸೆ. ಊರಿನಲ್ಲಿ ಮಾತಿನ ಮಧ್ಯೆ ಹಲ್ಲಿ ಲೊಚಗುಟ್ಟಿದರೆ ಬೆರಳಲ್ಲಿ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದು ಆ ಮಾತಿಗೆ ಸಾಕ್ಷಿ ಹಾಕಿಸಿಕೊಳ್ಳುವವಳು ಅವಳು. ಪಂಚಾಂಗದ ಕೊನೆಯಲ್ಲಿರುವ ಹಲ್ಲಿ ಬೀಳುವ ಫಲದ ಪಟ್ಟಿ ಅವಳಿಗೆ ಬಾಯಿಪಾಠ. ಕಂಚಿಯ ವರದರಾಜಸ್ವಾಮಿ ದೇವಸ್ಥಾನದಲ್ಲಿ ಚಿನ್ನ ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ಬಂದಿರುವುದರಿಂದ ತನಗೆ ಯಾವ ಹಲ್ಲಿಯ ದೋಷವೂ ತಟ್ಟುವುದಿಲ್ಲ ಎಂಬ ಧೈರ್ಯ ಬೇರೆ. ಸಾಕಿದ ಹಲ್ಲಿಯ ಫಲವೇನು ಎಂದು ಕೇಳಿದರೆ ಮಾತ್ರ ಪಂಚಾಂಗ ಸುಮ್ಮನಾಗುತ್ತದೆ.

ಇನ್ನೊಂದು ವ್ಯತ್ಯಾಸವಿದೆ. ಗೋಡೆ ಹಲ್ಲಿಗೆ ಕಣ್ಣಿನ ರೆಪ್ಪೆ ಇಲ್ಲ. ನಾಲಗೆಯಿಂದಲೇ ಕಣ್ಣು ಒರೆಸಿಕೊಂಡು ದಿನ ದೂಡುತ್ತದೆ. ಇದಕ್ಕೆ ಒಳ್ಳೆ ದಪ್ಪ ರೆಪ್ಪೆಗಳಿವೆ. ಇಳಾ ಚಿಮಟದಲ್ಲಿ ಹುಳ ಹಿಡಿದು ಮೂತಿಯ ಮುಂದೆ ಆಡಿಸಿದರೆ ಚಿತ್ರಾನ್ನ ಒಮ್ಮೆ ನೋಡಿ, ನಿಧಾನವಾಗಿ ಎರಡೂ ಕಣ್ಣು ಮುಚ್ಚಿ, ಮುಖವನ್ನು ಗಾಜಿನ ಕಡೆ ತಿರುಗಿಸಿಕೊಳ್ಳುತ್ತಿತ್ತು. ಅದನ್ನು ಕಂಡ ಮೊದಲ ದಿನವೇ ನನಗೆ ಗುರುತು ಹತ್ತಿತು. ಇದು ಜಗಲಿಯ ಭಂಗಿ.

ಹುಳದ ಬಗ್ಗೆ ಹೇಳಲೇಬೇಕು. ನನ್ನಾಕೆ ಬಂದ ಹೊಸತರಲ್ಲಿ ಉಪ್ಪಿಟ್ಟು ಮಾಡಲೆಂದು ಫ್ರಿಜ್ಜಿನಿಂದ ರವೆಯ ಡಬ್ಬಿ ಎಂದುಕೊಂಡು ಒಂದನ್ನು ತೆಗೆದಳು. ರವೆ ಅಲ್ಲಾಡುತ್ತಿತ್ತು. ಅದು ಗೋಧಿ ತವುಡಿನಲ್ಲಿ ಹರಿದಾಡುವ ಮೀಲ್‌ವರ್ಮ್. ತಣ್ಣಗಿದ್ದರೆ ಬೇಗ ಬೆಳೆದು ಜೀರುಂಬೆಗಳಾಗುವುದಿಲ್ಲವೆಂದು ಅವನ್ನು ಫ್ರಿಜ್ಜಿನಲ್ಲಿ ಇಡುತ್ತಾರಂತೆ. ಅವಳು ಡಬ್ಬಿಯನ್ನು ಸಿಂಕಿನಲ್ಲಿ ಇಟ್ಟು ಸ್ನಾನಕ್ಕೆ ಹೋದಳು. ಸಂಜೆಗೆ ಮಾತುಕತೆ ನಡೆದು ಒಂದು ಒಪ್ಪಂದವಾಯಿತು: ಮೇಲಿನ ಅಂತಸ್ತುಗಳು ಇಡ್ಲಿ ಹಿಟ್ಟು, ಮೊಸರು, ದೇವರ ನೈವೇದ್ಯದ ಹಾಲಿಗೆ, ತರಕಾರಿ ತಟ್ಟೆಯ ಬಲಮೂಲೆ ಚಿತ್ರಾನ್ನಕ್ಕೆ. ಮಲೆನಾಡಿನ ಮಡಿ ಇಷ್ಟು ಬೇಗ ಮೂಲೆಯೊಂದನ್ನು ಬಿಟ್ಟುಕೊಟ್ಟದ್ದು ನಾನು ಕಂಡಿರಲಿಲ್ಲ. ಮೊಮ್ಮಗಳು ಕೇಳಿದರೆ ಯಾವ ಶಾಸ್ತ್ರಕ್ಕೂ ಒಂದು ಪರಿಹಾರ ಸಿಗುತ್ತದೆ.

ಹುಳ ಬೇಸರವಾಯಿತೇನೋ ಎಂದು ಅಳಿಯಂದಿರು ಚಿಮ್ಮಂಡೆ ತಂದರು. ಈ ಚಿಮ್ಮಂಡೆಗಳಿಗೂ ಒಂದು ಸಂಸಾರ. ಮೊಟ್ಟೆ ಇಡುವ ರಟ್ಟಿನ ಮನೆ, ತಿನ್ನಲು ಕ್ಯಾರೆಟ್. ಅವು ಚೆನ್ನಾಗಿ ತಿಂದಿದ್ದರೆ ತಾನೇ ಅವನ್ನು ತಿನ್ನುವ ಹಲ್ಲಿಗೆ ಪೌಷ್ಟಿಕ. ಆಮೇಲೆ ಒಂದು ಚೀಲದಲ್ಲಿ ಹಾಕಿ ಕ್ಯಾಲ್ಸಿಯಂ ಪುಡಿ ಸವರಿ ಬಿಡಬೇಕು. ಇಲ್ಲದಿದ್ದರೆ ಹಲ್ಲಿಯ ಮೂಳೆ ಮೆತ್ತಗಾಗುತ್ತದೆ. ಬಿಟ್ಟ ಚಿಮ್ಮಂಡೆಯನ್ನು ತಿನ್ನದಿದ್ದರೆ ರಾತ್ರಿಯೊಳಗೆ ಹಿಡಿದು ತೆಗೆಯಲೂಬೇಕು. ಯಾಕೆಂದರೆ ಹಸಿದ ಚಿಮ್ಮಂಡೆ ಮಲಗಿದ ಹಲ್ಲಿಯನ್ನೇ ಕಚ್ಚುತ್ತದೆ. ಹಾಗೆ ಹಿಡಿಯುವಾಗ ಒಂದು ತಪ್ಪಿಸಿಕೊಂಡು ಡಿಶ್‌ವಾಷರಿನ ಹಿಂದೆ ಸೇರಿತು. ಹೊರಗೆ ಹಿಮ ಸುರಿಯುವ ರಾತ್ರಿ, ಒಳಗೆ ಅದು ಕಿರ್‌ರ್ರೆಂದು ಶುರುಮಾಡಿತು. ನಿದ್ದೆ ಬಾರದೆ ಸೋಫಾದಲ್ಲಿ ಕೂತಿದ್ದ ನನಗೆ ಅದೊಂದೇ ಆ ತಿಂಗಳ ಸಂಗೀತ ಕಚೇರಿ. ತೀರ್ಥಹಳ್ಳಿಯ ಆಷಾಢದ ರಾತ್ರಿಗಳಲ್ಲಿ ಯಾರೂ ಕಿವಿಗೊಡದ ಸದ್ದು. "ಅದನ್ನು ಹಿಡೀಬೇಕು ಮಾವ, ಇಲ್ಲಾಂದ್ರೆ ನಿಮಗೆ ನಿದ್ದೆ ಬರಲ್ಲ" ಎಂದು ಅಳಿಯಂದಿರು ಟಾರ್ಚು ಹಿಡಿದಾಗ, ಇರಲಿ ಬಿಡಿ ಎಂದು ನಾನೇ ತಡೆದೆ.

ಮನೆಯಲ್ಲಿ ಆಮೇಲೆ ಎಲ್ಲರೂ ಡಾಕ್ಟರಾದರು. ಮಗಳು ಅಡುಗೆಮನೆಯ ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು ಅದರೊಳಗೆ ಚಿತ್ರಾನ್ನವನ್ನು ಕೂರಿಸಿ ಗ್ರಾಮುಗಳನ್ನು ಕ್ಯಾಲೆಂಡರಿನಲ್ಲಿ ಬರೆದಳು. ನಾನು ಲಂಘನಂ ಪರಮೌಷಧಂ ಎಂದೆ. ನನಗೆ ಗೊತ್ತಿದ್ದ ವೈದ್ಯ ಅದೊಂದೇ. ಶಿವಮೊಗ್ಗದಿಂದ ನಾದಿನಿ ವಿಡಿಯೋ ಕರೆಯಲ್ಲಿ ನೋಡಿ, "ಅಕ್ಕಾ, ಅದಕ್ಕೆ ದೃಷ್ಟಿಯಾಗಿದೆ, ಬಣ್ಣ ನೋಡು ಎಷ್ಟು ಚಂದ" ಎಂದುಬಿಟ್ಟಳು.

ಮರುದಿನ ಅಳಿಯಂದಿರು ಮೇಲಿನ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದಾಗ ನನ್ನಾಕೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಗಾಜಿನ ಪೆಟ್ಟಿಗೆಗೆ ಸುತ್ತು ಬಂದಳು. "ನಾಯಿ ಕಣ್ಣು, ನರಿ ಕಣ್ಣು" ಎಂದೆಲ್ಲ ಹೇಳಿದಳು. ಊರಿನಲ್ಲಾದರೆ ಅದನ್ನು ಬಚ್ಚಲ ಒಲೆಗೆ ಎಸೆಯಬೇಕು. ಇಲ್ಲಿ ಬಚ್ಚಲಿಗೆ ಒಲೆಯಿಲ್ಲವೆಂದು ಬಾಣಲೆ ಕಾಯಿಸಿ ಅದರೊಳಗೆ ಹಾಕಿದಳು. ಘಾಟು ಏಳುವುದಕ್ಕೂ ಸೂರಿನ ಸ್ಮೋಕ್ ಅಲಾರಂ ಕಿರುಚುವುದಕ್ಕೂ ಸರಿಹೋಯಿತು. ಒಂದು ಕಿರುಚಿದರೆ ಉಳಿದ ಕೋಣೆಗಳದ್ದೂ ಕಿರುಚುವ ವ್ಯವಸ್ಥೆ. ಅಳಿಯಂದಿರು ಕೆಮ್ಮುತ್ತ ಮೆಟ್ಟಿಲಿಳಿದು ಬಂದು, ಹಿತ್ತಲಿನ ಗಾಜಿನ ಬಾಗಿಲನ್ನು ಪೂರ್ತಿ ಸರಿಸಿದರು. ಸೊನ್ನೆಗಿಂತ ಎಷ್ಟೋ ಕೆಳಗಿದ್ದ ಗಾಳಿ ನೇರ ಒಳಗೆ ನುಗ್ಗಿತು. ಚಿತ್ರಾನ್ನದ ಪೆಟ್ಟಿಗೆ ಇದ್ದದ್ದು ಆ ಬಾಗಿಲಿನ ಪಕ್ಕದಲ್ಲೇ. "ಘಾಟು ಜೋರಾಗಿ ಬಂತು, ಅಂದ್ರೆ ದೃಷ್ಟಿ ಇರ್ಲಿಲ್ಲ" ಎಂದು ನನ್ನಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ವರದಿ ಕೊಟ್ಟಳು. ದೃಷ್ಟಿ ತಾಗಿದ್ದರೆ ಘಾಟೇ ಬರುವುದಿಲ್ಲ ಎಂಬುದು ಅವಳ ಶಾಸ್ತ್ರ. ಅಂದರೆ ಒಂದು ಕಾರಣ ಪಟ್ಟಿಯಿಂದ ಹೋಯಿತು. ಪರೀಕ್ಷೆ ವೈಜ್ಞಾನಿಕವಾಗಿಯೇ ನಡೆದಿತ್ತು.

ಕೊನೆಗೆ ಡಾಕ್ಟರು. ನಾಯಿ ಬೆಕ್ಕು ನೋಡುವ ಎಲ್ಲರೂ ಹಲ್ಲಿ ನೋಡುವುದಿಲ್ಲ. ಅದಕ್ಕೇ ಬೇರೆ ಕಲಿತವರಿದ್ದಾರೆ. ಬರುವಾಗ ಹಿಕ್ಕೆಯ ಸ್ಯಾಂಪಲ್ ತರಬೇಕೆಂದು ಫೋನಿನಲ್ಲೇ ಹೇಳಿದ್ದರು. ತಣ್ಣಗೆ ಇಡಬೇಕಂತೆ. ಅದು ರಾತ್ರಿಯಿಡೀ ಎಲ್ಲಿ ಇತ್ತೆಂದು ನನ್ನಾಕೆಗೆ ಈವರೆಗೆ ಹೇಳಿಲ್ಲ. ಇದನ್ನು ಅವಳು ಓದಿದರೆ ತಿಳಿದೀತು. ಫೀಜನ್ನು ನಾನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಗುಣಿಸಬಾರದಿತ್ತು ಅಂದುಕೊಂಡೆ.

ಡಾಕ್ಟರಮ್ಮ ಮೊದಲು ನೋಡಿದ್ದು ಬಾಲವನ್ನು. ಈ ಹಲ್ಲಿಯ ಬುತ್ತಿಗಂಟು ಅದು. ಕೊಬ್ಬನ್ನೆಲ್ಲ ಅಲ್ಲಿ ಕೂಡಿಟ್ಟಿರುತ್ತದೆ; ಬೆಳೆದು ಗಟ್ಟಿಯಾದ ಹಲ್ಲಿ ಅದರ ಬಲದ ಮೇಲೆ ವಾರಗಟ್ಟಲೆ ಉಪವಾಸ ಇರಬಲ್ಲದು. ಬಾಲ ಇನ್ನೂ ದಪ್ಪವಿತ್ತು. ಬಾಯಿಯೊಳಗೆ ಹುಣ್ಣಿರಲಿಲ್ಲ. ಹಿಕ್ಕೆಯಲ್ಲಿ ಕ್ರಿಮಿ ಕಾಣಲಿಲ್ಲ. ಚಳಿಗಾಲದಲ್ಲಿ ಕೆಲವು ಮಂಕಾಗುತ್ತವೆ, ಪೊರೆ ಬಿಡುವ ಮುಂಚೆ ಊಟ ಬಿಡುತ್ತವೆ, ಗಂಡುಗಳು ಬೆದೆಗಾಲದಲ್ಲಿ ಊಟವನ್ನೇ ಮರೆಯುತ್ತವೆ ಎಂದೆಲ್ಲ ಹೇಳಿ, ಪೆನ್ನು ಹಿಡಿದು ಕೇಳಿದರು: "ಇತ್ತೀಚೆಗೆ ಮನೆಯಲ್ಲಿ ಏನಾದರೂ ಬದಲಾವಣೆ ಆಗಿದೆಯೇ?"

ಮಗಳು ಅಳಿಯಂದಿರನ್ನು ನೋಡಿದಳು. ಅಳಿಯಂದಿರು ನೆಲ ನೋಡಿದರು. ಇಳಾ ನನ್ನನ್ನು ನೋಡಿ, ಮಕ್ಕಳಿಗೆ ಮಾತ್ರ ಸಾಧ್ಯವಾಗುವ ನೇರದಲ್ಲಿ, "ಅಜ್ಜ ಬಂದ್ರು" ಎಂದಳು.

ನಾವು ಮಲಗುತ್ತಿದ್ದದ್ದು ಚಿತ್ರಾನ್ನದ ಕೋಣೆಯಲ್ಲಿ! ಅಜ್ಜ ಅಜ್ಜಿ ಬರುತ್ತಾರೆಂದು ಅದರ ಪೆಟ್ಟಿಗೆಯನ್ನು ಕೆಳಗೆ ಸಾಗಿಸಿ, ಊಟದ ಮೇಜಿನಾಚೆ ಗಾಜಿನ ಬಾಗಿಲ ಪಕ್ಕ ಇಟ್ಟಿದ್ದರು. ನಮಗೆ ಬೇಸರವಾದೀತೆಂದು ಯಾರೂ ಬಾಯಿಬಿಟ್ಟಿರಲಿಲ್ಲ. ಅಲ್ಲಿಯವರೆಗೆ ರೋಗಿಯ ಕಡೆಯ ಬಂಧುವಾಗಿ ಕುಳಿತಿದ್ದ ನಾನು ಆ ಕ್ಷಣದಲ್ಲಿ ರೋಗದ ಕಾರಣವಾಗಿಬಿಟ್ಟೆ.

ಆಗ ನನಗೆ ನೆನಪಾದದ್ದು ಗೌರಿ ಎಂಬ ಹಸು. ಮೇಗರವಳ್ಳಿ ಕಡೆಯಿಂದ ಅಜ್ಜಯ್ಯ ಕೊಂಡು ತಂದದ್ದು. ಬಂದವಳೇ ಮೇವು ಮುಟ್ಟಲಿಲ್ಲ. ಅಕ್ಕಚ್ಚು ಇಟ್ಟರೆ ಮೂಸಿ ಬಿಟ್ಟಳು. ಅಜ್ಜಯ್ಯ ಕಿವಿ ಮುಟ್ಟಿ ನೋಡಿದರು, ಮೂಗು ಒದ್ದೆಯಾಗಿದೆಯೇ ನೋಡಿದರು, ಮೆಲುಕು ಹಾಕುತ್ತಿದ್ದಾಳೆಯೇ ಎಂದು ಲಾಟೀನು ಹಿಡಿದು ಕೂತರು. "ಜ್ವರ ಗಿರ ಏನಿಲ್ಲ, ಕೊಟ್ಟಿಗೆ ಒಗ್ಗಿಲ್ಲ, ಯಾರೂ ಹೋಗಿ ಮುಖದ ಮುಂದೆ ನಿಲ್ಲಬೇಡಿ" ಎಂದು ಅಪ್ಪಣೆ ಕೊಡಿಸಿದರು. ಹಸುವಿನ ಉಪವಾಸದ ಬಗ್ಗೆ ಇಷ್ಟು ತಿಳಿದವರು ತಮ್ಮದರಲ್ಲಿ ಹಪ್ಪಳದ ವಾಸನೆಗೆ ಯಾಕೆ ಸೋಲುತ್ತಿದ್ದರೋ.

ಡಾಕ್ಟರಮ್ಮನ ಎರಡನೇ ಪ್ರಶ್ನೆ, ಪೆಟ್ಟಿಗೆಯ ನೆಲದ ಬಿಸಿ ಎಷ್ಟು ಎಂಬುದು. ಈ ಪ್ರಾಣಿ ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿ ಕಲ್ಲಿಗೆ ಹೊಟ್ಟೆ ತಾಗಿಸಿ ಮಲಗಿದರೆ ಮಾತ್ರ ಒಳಗಿನದು ಕರಗುತ್ತದೆ. ಬೆಚ್ಚಗಿನ ಮೂಲೆಯ ನೆಲ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇರಬೇಕು, ತಣ್ಣಗಿನ ಮೂಲೆ 25ರ ಆಸುಪಾಸು. ಬೇಕಾದಾಗ ಬೇಕಾದ ಕಡೆ ಹೋಗಿ ಕೂರಲಿ ಎಂದು. ನೆಲ ತಣ್ಣಗಿದ್ದರೆ ತಿಂದ ಹುಳ ಹೊಟ್ಟೆಯಲ್ಲೇ ಕೊಳೆಯುತ್ತದೆ, ಅದಕ್ಕೇ ತಿನ್ನದಿರುವುದು. "ಹಠ ಅಲ್ಲ, ಲೆಕ್ಕಾಚಾರ" ಎಂದರು. ಬಲವಂತವಾಗಿ ಬಾಯಿಗೆ ತುರುಕಬಾರದು ಎಂದೂ ಹೇಳಿದರು.

"32ಕ್ಕೇ ಇಟ್ಟಿದೀವಿ" ಎಂದರು ಅಳಿಯಂದಿರು. ಥರ್ಮೋಸ್ಟಾಟ್ ಡಬ್ಬಿಯ ಮೇಲೆ ಆ ಅಂಕಿಯೇ ಕಾಣುತ್ತಿತ್ತು. ಅಲ್ಲಿಗೆ ನನ್ನೊಳಗಿನ ಕೆ.ಇ.ಬಿ. ಎದ್ದು ಕೂತಿತು. ಸಬ್‌ಸ್ಟೇಷನ್ನಿನ ಪ್ಯಾನಲ್ ಬೋರ್ಡುಗಳ ನಡುವೆ ಸಂಬಳ ಎಣಿಸಿದವನು ನಾನು. ಮೀಟರು ತೋರಿಸುವುದು ಮೀಟರಿನ ತಂತಿ ಮುಟ್ಟಿರುವ ಜಾಗದ ಸಮಾಚಾರವನ್ನೇ ಹೊರತು ಊರಿನ ಸಮಾಚಾರವನ್ನಲ್ಲ. ಹಲ್ಲಿಗಳ ವಿಷಯದಲ್ಲೂ ನಾನು ತೀರಾ ಅನನುಭವಿಯಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಪ್ಯಾನಲ್ಲಿನೊಳಗೆ ಸೇರಿ, ಎರಡು ಫೇಸುಗಳ ನಡುವೆ ಕಾಲಿಟ್ಟು, ತಾವೂ ಸುಟ್ಟು ಫ್ಯೂಸನ್ನೂ ಹಾರಿಸಿ, ಇಡೀ ಹೋಬಳಿಯನ್ನು ಕತ್ತಲೆಗೆ ತಳ್ಳಿದ ಹಲ್ಲಿಗಳು ಎಷ್ಟಿಲ್ಲ. "ಯಾಕೆ ಸಾರ್ ಕರೆಂಟ್ ಹೋಯ್ತು?" ಎಂದು ಫೋನಿನಲ್ಲಿ ಬೈದವರಿಗೆ "ಹಲ್ಲಿ" ಎಂದರೆ ಯಾರೂ ನಂಬುತ್ತಿರಲಿಲ್ಲ.

ಮನೆಗೆ ಬಂದು ಪೆಟ್ಟಿಗೆಯನ್ನು ಬಿಚ್ಚಿ ನೋಡಿದೆ. ಅಡಿಯಲ್ಲಿ ಬಿಸಿ ಮಾಡುವ ಒಂದು ಹಾಳೆ, ಅದನ್ನು ಹತ್ತಿಸಿ ಆರಿಸಲು ಥರ್ಮೋಸ್ಟಾಟ್, ಅದರಿಂದ ಹೊರಟ ಒಂದು ಸೆನ್ಸರ್ ತಂತಿ. ತಂತಿಯ ತುದಿ ಹಲ್ಲಿ ಮಲಗುವ ನೆಲದ ಮೇಲಿರಬೇಕು. ಕೆಳಗೆ ಸಾಗಿಸುವಾಗ ಅದು ಜಾರಿ, ಪೆಟ್ಟಿಗೆಯ ಹೊರಗೆ ಬಿಸಿ ಹಾಳೆಗೇ ಅಂಟಿಕೊಂಡಿತ್ತು. ಹಾಳೆ 32 ಮುಟ್ಟಿದ ಕೂಡಲೇ ಕರೆಂಟು ಕಟ್. ಗಾಜು, ಹಾಸು ದಾಟಿ ಚಿತ್ರಾನ್ನದ ಹೊಟ್ಟೆಗೆ ತಲುಪುತ್ತಿದ್ದದ್ದು ಉಳಿದ ಚೂರುಪಾರು. ಅದರ ಪಕ್ಕದಲ್ಲೇ ಜನವರಿಯ ಗಾಜಿನ ಬಾಗಿಲು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥ ಥರ್ಮಾಮೀಟರ್ ಗನ್ನನ್ನು ನೆಲಕ್ಕೆ ಗುರಿಯಿಟ್ಟರೆ 24 ಎಂದಿತು. ತಂತಿಯ ತುದಿಯನ್ನು ಅದರ ಜಾಗದಲ್ಲಿ ಕೂರಿಸಿ ಟೇಪು ಸುತ್ತಿದೆ. ನಿವೃತ್ತನಾದ ಮೇಲೆ ನಾನು ಅಟೆಂಡ್ ಮಾಡಿದ ಮೊದಲ ಕಂಪ್ಲೇಂಟು ಅದು. ಅಳಿಯಂದಿರು "ಥ್ಯಾಂಕ್ಸ್ ಮಾವ" ಎಂದರು. ಇಷ್ಟು ವರ್ಷದಲ್ಲಿ ಅವರ ಮನೆಯಲ್ಲಿ ನನ್ನಿಂದ ಆದ ಕೆಲಸ ಕಾಫಿ ಲೋಟ ಸಿಂಕಿಗೆ ಹಾಕುವುದು ಮಾತ್ರ ಎಂಬುದನ್ನು ನೆನೆದರೆ, ಆ ಥ್ಯಾಂಕ್ಸಿಗೆ ತೂಕವಿತ್ತು.

ಪೆಟ್ಟಿಗೆಯನ್ನು ಮತ್ತೆ ಮೇಲಿನ ಕೋಣೆಗೆ ತಂದೆವು. ಕೋಣೆ ನಮಗೂ ಅದಕ್ಕೂ ಜಂಟಿ. "ರೀ, ಹಲ್ಲಿ ಜೊತೆ ಮಲಗೋದಾ?" ಎಂದು ನನ್ನಾಕೆ ಕೇಳಿದಳು. ಶಿವಮೊಗ್ಗದ ಮನೆಯಲ್ಲಿ ಟ್ಯೂಬ್‌ಲೈಟಿನ ಹಿಂದೆ, ಮಾವನವರ ಫೋಟೋದ ಹಿಂದೆ ಇರುವವರ ಲೆಕ್ಕ ಕೇಳಿದೆ. "ಹೌದು ಮಾರಾಯ್ರೆ" ಎಂದು ಮಗ್ಗುಲಾದಳು.

ಬಿಸಿ ಸರಿಯಾಯಿತೆಂದು ಅದು ಎಲೆ ಮುಂದೆ ಬಂದು ಕೂರಲಿಲ್ಲ. ಮೊದಲು ಮೈ ಬಿಳಚಿಕೊಂಡಿತು. ಒದ್ದೆ ಪಾಚಿ ಹಾಕಿದ ಗುಡಾಣದೊಳಗೆ ಸೇರಿ ಪೊರೆ ಬಿಟ್ಟು, ಬಿಟ್ಟ ಪೊರೆಯನ್ನು ತಾನೇ ಕೈಗವಸಿನ ಹಾಗೆ ಎಳೆದು ತೆಗೆದು ತಿಂದಿತು. ಇದು ಊಟದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಮಗಳಿಗೂ ಇಳಾಳಿಗೂ ವಾದವಾಯಿತು. ನಾವು ಯಾರೂ ಅದರ ಮುಖದ ಮುಂದೆ ನಿಲ್ಲಲಿಲ್ಲ. ಇಳಾ ಮುಸ್ಸಂಜೆಗೆ ಬಟ್ಟಲಲ್ಲಿ ನಾಲ್ಕು ಹುಳ ಇಟ್ಟು, ದೀಪ ಆರಿಸಿ, ಹೊರಗೆ ಹೋಗಿಬಿಡುತ್ತಿದ್ದಳು. ಅಜ್ಜಿಯ ಹಪ್ಪಳದ ಕತೆಯನ್ನು ಅವಳಿಗೆ ನಾನೇ ಹೇಳಿದ್ದೆ.

ಅದು ತಿಂದದ್ದನ್ನು ಮೊದಲು ಕಂಡವನು ನಾನು. ರಾತ್ರಿಯಲ್ಲಿ ಎಚ್ಚರವಿರುವವರು ಆ ಮನೆಯಲ್ಲಿ ನಾವಿಬ್ಬರೇ ತಾನೆ. ಬಟ್ಟಲ ಬಳಿ ಬಂದು ತಲೆ ಓರೆ ಮಾಡಿತು. ಬಾಲದ ತುದಿ ಮಾತ್ರ ಸಣ್ಣಗೆ ಅಲುಗಿತು. ಆಮೇಲೆ ಒಂದೇ ಏಟು. ಹುಳ ಬಾಯೊಳಗೆ. ಕಣ್ಣು ಮುಚ್ಚಿ ನುಂಗಿ, ತುಟಿ ನೆಕ್ಕಿಕೊಂಡಿತು. ನಾನು ದೀಪ ಹಾಕಿ ಎಲ್ಲರನ್ನೂ ಎಬ್ಬಿಸಿದೆ. ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ. "ಚಿತ್ರಾನ್ನ ಊಟ ಮಾಡಿತು" ಎಂದು ನಾದಿನಿಗೆ ಸಂದೇಶ ಕಳಿಸಿದೆ. ವಿಷಯ ತಿಳಿಯದ ಅವಳ ಗಂಡ, "ಇಲ್ಲಿ ನಾವೂ ಚಿತ್ರಾನ್ನವೇ ಭಾವ" ಎಂದು ಉತ್ತರ ಬರೆದ. ಬೆಳಿಗ್ಗೆ ನನಗೂ ಹಸಿವಾಗಿತ್ತು, ಆದರೆ ಅದನ್ನು ಕ್ಯಾಲೆಂಡರಿನಲ್ಲಿ ಯಾರೂ ಬರೆಯಲಿಲ್ಲ.

ಈ ಜಾತಿಯವು ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬಾಳುತ್ತವೆ. ನಿಮ್ಮ ಮಕ್ಕಳ ಮನೆಯಲ್ಲೂ ಇಂಥದೊಂದು ಇದ್ದು, ನೀವು ಹೋದ ಹೊತ್ತಿಗೆ ಊಟ ಬಿಟ್ಟರೆ, ಮೊದಲು ನೀವು ಯಾರ ಕೋಣೆಯಲ್ಲಿ ಮಲಗಿದ್ದೀರಿ ಎಂದು ವಿಚಾರಿಸಿ. ನೆಲದ ಬಿಸಿ ಅಳೆಯಿರಿ, ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ. ವಾರಕ್ಕೊಮ್ಮೆ ತೂಕ ಬರೆದಿಡಿ. ಬಾಲ ಬತ್ತತೊಡಗಿದರೆ ಕಾಯಬೇಡಿ, ಹಲ್ಲಿ ಬಲ್ಲ ಡಾಕ್ಟರ ಬಳಿ ಹೋಗಿ. ದೃಷ್ಟಿ ತೆಗೆಯಲೇಬೇಕೆಂದಿದ್ದರೆ ಉಪ್ಪಿನಲ್ಲೇ ಮುಗಿಸಿ, ಮೆಣಸಿನಕಾಯಿ ಬೇಡ.